ತಮ್ಮನ ಗ್ಲಾಸಿನ ಬಣ್ಣ

ಸಕ್ಕರೆ ಕರಗಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಡುಬಿದಿರೆಯಲ್ಲಿ ಬೇಕರಿ ಇಟ್ಟೇ ನನ್ನ ಕೂದಲು ನರೆಯಿತು. ಕ್ರಿಸ್ಮಸ್ ಕೇಕಿಗೆ ಸಕ್ಕರೆ ಸುಟ್ಟು ಕಪ್ಪು ಪಾಕ ಮಾಡುವಾಗ ಯಾವ ಗಳಿಗೆಗೆ ಬಾಣಲೆ ಇಳಿಸಬೇಕು ಎಂಬುದು ನನ್ನ ಮೂಗಿಗೇ ಗೊತ್ತು. ಹಾಗಾಗಿ, ಸತ್ತ ತಮ್ಮನ ಕಪ್ಪು ಬಿಯರನ್ನು ನಾನೇ ಮಾಡಿಕೊಡುತ್ತೇನೆ ಎಂದು ಅವನ ಹೆಂಡತಿಗೆ ಮಾತು ಕೊಟ್ಟಾಗ ಅದು ದೊಡ್ಡ ಕೆಲಸ ಎಂದು ನನಗೆ ಅನಿಸಲೇ ಇಲ್ಲ. ಒಂದು ಹಂಡೆ, ಒಂದು ಒಲೆ, ಸ್ವಲ್ಪ ಸಕ್ಕರೆ. ಅದರಲ್ಲೇನು ಮಹಾ ಎಂದುಕೊಂಡೆ.

ತಮ್ಮ ಗಲ್ಫಿನ ಹೋಟೆಲೊಂದರಲ್ಲಿ ದುಡಿದು ಬಂದವನು. ಅಲ್ಲಿ ಬೆಲ್ಜಿಯಂ ಕಡೆಯ ಅಡುಗೆಯವನೊಬ್ಬ ಇವನಿಗೆ ಈ ವಿದ್ಯೆ ಹತ್ತಿಸಿದ್ದ. ವಾಮದಪದವಿನ ನಮ್ಮ ಮನೆಗೆ ಹಿಂದಿರುಗಿದ ಮೇಲೆ ಹಿತ್ತಿಲಿನ ಶೀಟಿನ ಕೋಣೆಯಲ್ಲಿ ಶುರುಮಾಡಿದ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಕೊರಿಯರ್‌ನಲ್ಲಿ ಬರುತ್ತಿತ್ತು. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿನೀರು ಬಸಿದು, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಸಕ್ಕರೆಯ ಪಾಕ ಸೇರಿಸಿ, ಆರಿದ ಮೇಲೆ ಯೀಸ್ಟ್ ಹಾಕಿ ಡ್ರಮ್ಮಿನ ಬಾಯಿ ಮುಚ್ಚುತ್ತಿದ್ದ. ಮುಚ್ಚಳದ ಮೇಲೆ ನೀರು ತುಂಬಿದ ಒಂದು ಪ್ಲಾಸ್ಟಿಕ್ ನಳಿಗೆ. ಒಳಗೆ ಹುಳಿಬಂದು ಏಳುವ ಗಾಳಿ ಅದರ ಮೂಲಕ ಗುಳುಕ್, ಗುಳುಕ್ ಎಂದು ಹೊರಗೆ ಬರುತ್ತಿತ್ತು. ಕಾನೂನು ಗೊತ್ತಿಲ್ಲದವರಲ್ಲ ನಾವು. ಅವನು ಮಾರುತ್ತಿರಲಿಲ್ಲ. ಸಂಜೆಗೆ ಒಂದು ಗ್ಲಾಸು, ಅಲ್ಲಿಗೆ ಮುಗಿಯಿತು. ಅಂಗಡಿಯ ಹಳದಿ ಬಿಯರನ್ನು ಕಂಡರೆ, "ಅದೆಂತ ಅಕ್ಕಾ, ಕುದುರೆ ಉಚ್ಚೆ" ಎನ್ನುತ್ತಿದ್ದ.

ಆ ಶೀಟಿನ ಕೋಣೆಯಲ್ಲೇ ಒಂದು ಮಧ್ಯಾಹ್ನ ಬಾಟಲಿ ತೊಳೆಯುತ್ತಾ ಕುಳಿತವನು ಹಾಗೆಯೇ ಗೋಡೆಗೆ ಒರಗಿದ. ಊಟಕ್ಕೆ ಕರೆಯಲು ಹೋದ ಹೆಂಡತಿ, ಪಾಪ ನಿದ್ದೆ ಬಂದಿದೆ ಎಂದು ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಕಾದಳಂತೆ. ಎಬ್ಬಿಸಲು ಮನಸ್ಸು ಬರಲಿಲ್ಲವಂತೆ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ತಿಂಗಳು ಕಳೆದ ಮೇಲೆ, ತೆಂಗಿನಕಾಯಿ ತುರಿಯುತ್ತಾ, ತಲೆ ಎತ್ತದೆ.

ನಮ್ಮಲ್ಲಿ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜಡಿಮಳೆಯ ಕಾಲದಲ್ಲಿ, ಸತ್ತವರಿಗೆ ಬಳಸುವ ಕ್ರಮ ಉಂಟು. ಬಾಳೆಲೆ ಹಾಕಿ, ಅವರವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನು ಬಡಿಸುವುದು. ಕೋಳಿ ಸಾರು, ರೊಟ್ಟಿ, ಕುಡಿಯುವವರಾಗಿದ್ದರೆ ಕುಡಿಯುವುದು. ಬಡಿಸಿದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಕೂರಬೇಕು. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಒಳಗೆ ಹೋಗಿ, ಆ ಎಲೆಯದ್ದನ್ನೇ ಮನೆಯವರು ಹಂಚಿಕೊಂಡು ಉಣ್ಣುತ್ತೇವೆ. ತಮ್ಮ ತೀರಿಹೋದ ವರ್ಷದ ಆಟಿಗೆ ಅವನೇ ಮಾಡಿಟ್ಟ ಬಾಟಲಿ ಉಳಿದಿತ್ತು. ಮರುವರ್ಷಕ್ಕೆ ಇರಲಿಲ್ಲ. ಬಂಟ್ವಾಳದಿಂದ ಅಂಗಡಿಯ ಬಿಯರನ್ನೇ ತರಿಸಿ ಎಲೆಯ ಬದಿಗೆ ಇಟ್ಟೆವು.

ಅಲ್ಲಿಂದ ಶುರುವಾಯಿತು ನೋಡಿ. ಅವನ ಹೆಂಡತಿಗೆ ಅವನು ಕಾಣಿಸತೊಡಗಿದ.

"ಖಾಲಿ ಗ್ಲಾಸು ಹಿಡ್ಕೊಂಡು ಬಾಗಿಲಲ್ಲಿ ನಿಲ್ತಾರೆ ಅಕ್ಕ," ಎಂದಳು. "ಎಂತ ಬೇಕು ಅಂತ ಕೇಳಿದ್ರೆ ಮುಖ ತಿರುಗಿಸ್ತಾರೆ."

"ಕನಸು ಮಾರಾಯ್ತಿ ಅದು."

"ಎಚ್ಚರ ಇರುವಾಗಲೂ ಶೀಟಿನ ಕೋಣೆಯಿಂದ ಗುಳುಕ್ ಗುಳುಕ್ ಕೇಳ್ತದೆ. ಅದೂ ಕನಸಾ?"

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹೆದರಿದವರ ಮೇಲೆ ಹಗ್ಗ ಹಾಕಿದರೂ ಹಾವು ಎಂದು ಬೈದೆ. ಒಂದು ಭಾನುವಾರ ನಡುಮಧ್ಯಾಹ್ನ ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋದಾಗ ನನಗೂ ಕೇಳಿತು. ಗುಳುಕ್. ಆಮೇಲೆ ಸ್ವಲ್ಪ ಬಿಟ್ಟು ಇನ್ನೊಂದು. ಬಾಗಿಲು ದೂಡಿ ನೋಡಿದರೆ ಡ್ರಮ್ಮು ತೊಳೆದು ಬೋರಲು ಹಾಕಿದ್ದು ಹಾಗೆಯೇ ಇತ್ತು, ತಳದಲ್ಲಿ ಜೇಡ ಬಲೆ ಕಟ್ಟಿತ್ತು. ಹೆದರಿದೆ. ಸುಳ್ಳು ಯಾಕೆ ಹೇಳಲಿ, ಒದ್ದೆ ಬಟ್ಟೆ ಅಲ್ಲೇ ಹಾಕಿ ಒಳಗೆ ಓಡಿದೆ. ಅವಳಿಗೆ ಮಾತ್ರ ಹೇಳಲಿಲ್ಲ.

ಇಷ್ಟರಲ್ಲಿ ಅವಳಿಗೊಂದು ಸಂಬಂಧ ಬಂತು. ಅವಳ ತವರು ಬೆಳ್ತಂಗಡಿಯ ಹತ್ತಿರ. ನಮ್ಮ ಅಳಿಯಸಂತಾನದ ಕಟ್ಟಿನಲ್ಲಿ ಮನೆ ಹೆಣ್ಣುಮಕ್ಕಳದ್ದು. ಗಂಡ ಹೋದ ಮೇಲೆ ಹೆಂಡತಿ ತನ್ನ ತಾಯಿಮನೆಗೆ ಹೋಗುವುದೇ ರೂಢಿ. ಮಕ್ಕಳಿಲ್ಲದ ಇವಳು ಇಲ್ಲೇ ಯಾಕೆ ಕೂತಿದ್ದಾಳೆ ಎಂದು ಊರು ಕೇಳುತ್ತಲೇ ಇತ್ತು. ಬಂದವರು ಬೆಳ್ತಂಗಡಿಯಲ್ಲೇ ರಬ್ಬರ್ ನರ್ಸರಿ ಇಟ್ಟಿದ್ದ ಒಬ್ಬ ವಿಧುರರು. ಒಮ್ಮೆ ಮನೆಗೂ ಬಂದಿದ್ದರು, ಮಾತು ಕಡಿಮೆ, ಚಹಾ ಕುಡಿದ ಲೋಟವನ್ನು ತಾವೇ ಒಳಗೆ ತಂದಿಟ್ಟರು. ನನಗೆ ಅಷ್ಟೇ ಸಾಕಾಯಿತು. ವಿಧವೆಯ ಮದುವೆ ನಮ್ಮಲ್ಲಿ ಹೊಸತೂ ಅಲ್ಲ, ಅದಕ್ಕೆ ಬುಡುದಾರೆ ಎಂದು ಹಿಂದಿನಿಂದ ಹೆಸರೇ ಉಂಟು. ಅವಳಿಗೂ ಮನಸ್ಸಿತ್ತು. ಅವರ ಫೋನು ಬಂದ ದಿನ ಅವಳ ಮುಖ ನೋಡಿದರೆ ಯಾರಿಗೂ ಗೊತ್ತಾಗುತ್ತಿತ್ತು.

ಆದರೆ ಹೂಂ ಎನ್ನಲಿಲ್ಲ.

"ಅವರು ಬಾಯಾರಿ ನಿಂತಿರುವಾಗ ನಾನು ಹೇಗೆ ಹೋಗುವುದು ಅಕ್ಕ? ಮುಂದಿನ ಆಟಿಗೆ ಅವರದ್ದೇ ಬಿಯರು ಬಳಸುವ. ಕುಡಿದ್ರೆ ಹೇಳಿ ಹೋಗ್ತೇನೆ. ಇಲ್ಲದಿದ್ರೆ ಇಲ್ಲ."

ಅಂದರೆ ಒಂದು ಆಟಿಯಿಂದ ಇನ್ನೊಂದು ಆಟಿಯವರೆಗೆ ನನಗೆ ಸಮಯ. ನರ್ಸರಿಯವರೂ ಅಲ್ಲಿಯವರೆಗೆ ಕಾಯುತ್ತೇನೆ ಎಂದರು. ಅದಕ್ಕಿಂತ ಹೆಚ್ಚು ಕಾಯಲು ಅವರ ಮನೆಯವರು ಬಿಡುವ ಹಾಗೆ ಇರಲಿಲ್ಲ.

ತಮ್ಮ ಮಾಡುವ ಕ್ರಮ ನಾವಿಬ್ಬರೂ ನೋಡಿದ್ದೆವು. ಮಾಲ್ಟ್, ಹಾಪ್ಸ್, ಯೀಸ್ಟ್ ತರಿಸುವುದು ಎಲ್ಲಿಂದ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದ್ದು ಬಣ್ಣ. ಅವನು ಪಾಕ ಮಾಡುವಾಗ ಮಾತ್ರ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ದೊಡ್ಡ ಮಾಂತ್ರಿಕನ ಹಾಗೆ. ಮೊದಲ ಗುಟುಕಿಗೆ ಮುಂಚೆ ಗ್ಲಾಸನ್ನು ಕಿಟಕಿಗೆ ಹಿಡಿದು ನೋಡುವುದು ಅವನ ಚಾಳಿ. ಕಪ್ಪೇ ಇರಬೇಕು, ಆದರೆ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಕೆಂಪು ಏಳಬೇಕು. ಆ ಕೆಂಪು ಕಾಣದಿದ್ದರೆ ಗೊಬ್ಬರದ ಗುಂಡಿಗೆ ಚೆಲ್ಲಿಬಿಡುತ್ತಿದ್ದ.

"ರುಚಿ ಹೆಚ್ಚುಕಡಿಮೆ ಆದ್ರೂ ಅಡ್ಡಿ ಇಲ್ಲ," ಎಂದಳು ಅವಳು. "ಸತ್ತವರಿಗೆ ನಾಲಗೆ ಎಲ್ಲಿ ಉಂಟು? ಕಣ್ಣು ಮಾತ್ರ. ಬಣ್ಣ ಸರಿ ಬೇಕು."

ಮೊದಲು ನನ್ನ ಕೇಕಿನ ಪಾಕವನ್ನೇ ಹಾಕಿದೆ. ಬಂದದ್ದು ಮಂಕು ಕಂದು, ನಿನ್ನೆಯ ಚಹಾದ ಹಾಗೆ, ಜೊತೆಗೆ ಸುಟ್ಟ ಕಹಿ. ಅವಳು ಕಿಟಕಿಗೆ ಹಿಡಿದು ನೋಡಿ ಅಲ್ಲ ಎಂದು ತಲೆ ಆಡಿಸಿದಳು. ಕಪ್ಪು ಸಾಲದು ಎಂದು ಎರಡನೆಯ ಸಲ ರಾಗಿಯನ್ನು ಕರಿಯಾಗುವಷ್ಟು ಹುರಿದು ಹಾಕಿದೆ. ಕಪ್ಪಾಯಿತು, ದೇವರೇ, ಎಂಥ ಕಪ್ಪು! ರಸ್ತೆಗೆ ಹಾಕುವ ಡಾಮರು. ಟಾರ್ಚು ಬಿಟ್ಟರೂ ಬೆಳಕು ಆಚೆ ಹೋಗಲಿಲ್ಲ. ಕೆಂಪು ಬೇಕಲ್ಲ, ಕೆಂಪಿಗೆ ನಮ್ಮೂರಲ್ಲಿ ಬರಗಾಲವೇ ಎಂದು ಮೂರನೆಯ ಸಲ ಪುನರ್ಪುಳಿ, ಅದೇ ಕೋಕಂ, ಅದರ ಸಿಪ್ಪೆ ನೆನೆಸಿದ ನೀರು ಸೇರಿಸಿದೆ. ಶರಬತ್ತಿಗೆ ಅಷ್ಟು ಚಂದ ಬಣ್ಣ ಕೊಡುವ ಪುನರ್ಪುಳಿ ಬಿಯರಿಗೆ ಕೊಡಲಾರದೇ ಎಂಬುದು ನನ್ನ ತರ್ಕ. ಬಾಟಲಿ ತೆರೆದು ಗ್ಲಾಸಿಗೆ ಸುರಿದಾಗ ಮೇಲೆ ಎದ್ದ ನೊರೆ ಗುಲಾಬಿ ಬಣ್ಣ. ಹುಟ್ಟುಹಬ್ಬದ ಕೇಕಿನ ಮೇಲೆ ನಾನು ಹಾಕುವ ಕ್ರೀಮಿನದ್ದೇ ಗುಲಾಬಿ.

ನಾವಿಬ್ಬರೂ ಗ್ಲಾಸನ್ನು ನೋಡಿದೆವು. ಮೊದಲು ನಕ್ಕದ್ದು ಅವಳು. ತಮ್ಮ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಕೂತಳು. "ಇದನ್ನು ಕೊಟ್ರೆ ಅವರು ಗ್ಲಾಸು ಬಿಸಾಡಿ ಹೋದಾರು ಅಕ್ಕ!" ಎಂದಳು. ನಾನೂ ನಕ್ಕೆ. ಆಗಲೇ ಹಿತ್ತಿಲಿನಿಂದ ಗುಳುಕ್ ಎಂದಿತು. ಡ್ರಮ್ಮು ನಮ್ಮ ಎದುರಿಗೇ, ಅಡುಗೆಮನೆಯಲ್ಲಿ, ಖಾಲಿಯಾಗಿ ಕೂತಿತ್ತು. ಅವಳು ನನ್ನ ಮುಖ ನೋಡಿದಳು. ನನಗೂ ಕೇಳಿದೆ ಎಂಬುದು ಅವತ್ತು ಅವಳಿಗೆ ಗೊತ್ತಾಯಿತು.

ಅದಾದ ಮೇಲೆ ಅವಳು ಜ್ವರ ಬಂದು ಮಲಗಿದಳು. ಮಾತ್ರೆ ನುಂಗಿದರೂ ಇಳಿಯಲಿಲ್ಲ. ದೃಷ್ಟಿ ತೆಗೆಯುವ ಎಂದು ನಾನೇ ಕುರ್ದಿ ಮಾಡಿದೆ. ಕುರ್ದಿ ಎಂದರೆ ಅರಿಶಿನದ ನೀರಿಗೆ ಸುಣ್ಣ ಕದಡಿದ ನೀರು, ತಟ್ಟೆಯಲ್ಲಿ ಹಾಕಿ ಮುಖದ ಎದುರು ನಿವಾಳಿಸಿ ಹೊರಗೆ ಚೆಲ್ಲುವುದು. ನಂಬದವಳು ಇದನ್ನು ಯಾಕೆ ಮಾಡಿದೆ ಎಂದು ಕೇಳಬೇಡಿ. ಮನೆಯಲ್ಲಿ ಒಬ್ಬಳು ನಡುಗುತ್ತಾ ಮಲಗಿದಾಗ ನಂಬಿಕೆ ಗಿಂಬಿಕೆ ಯಾರು ನೋಡುತ್ತಾರೆ. ತಟ್ಟೆಯ ಹಳದಿ ನೀರಿಗೆ ಬೆರಳಿನಿಂದ ಸುಣ್ಣ ಬಿಟ್ಟೆ. ಕಣ್ಣೆದುರೇ ಹಳದಿ ಹೋಗಿ ಕೆಂಪಾಯಿತು, ಗಾಢ ಕೆಂಪು.

ಹುಟ್ಟಿದಂದಿನಿಂದ ನೋಡಿದ ಕೆಂಪು ಅದು. ಎಲೆಯಡಿಕೆಗೆ ಸುಣ್ಣ ಬಿದ್ದರೆ ಬಾಯಿ ಕೆಂಪಾಗುವುದೂ ಅದೇ. ಶೀಟಿನ ಕೋಣೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಸುಣ್ಣದ ಕರಡಿಗೆಯೊಂದು ಯಾವಾಗಲೂ ಇರುತ್ತಿತ್ತು. ಇರುವೆ ಬಾರದಂತೆ ಗೆರೆ ಎಳೆಯಲು ಇಟ್ಟದ್ದು ಎಂದು ನಾನು ತಿಳಿದಿದ್ದೆ, ಎಲ್ಲರ ಮನೆಯಲ್ಲಿಯೂ ಹಾಗೆ ಇಡುತ್ತಾರೆ. ತಮ್ಮ ಎಲೆಯಡಿಕೆ ಹಾಕುವವನಲ್ಲ. "ಅಯ್ಯೋ ನನ್ನ ಮಂಡೆಗೆ!" ಎಂದು ಹಣೆ ಚಚ್ಚಿಕೊಂಡೆ. ಜ್ವರದಲ್ಲಿ ಮಲಗಿದವಳು ಗಾಬರಿಯಾಗಿ ಎದ್ದು ಕೂತಳು.

ಮರುದಿನವೇ ಬೆಲ್ಲ ಮತ್ತು ಸಕ್ಕರೆ ಕರಗಿಸಿ, ಪಾಕ ಏಳುವಾಗ ಸುಣ್ಣದ ತಿಳಿನೀರು ಬಿಟ್ಟೆ. ಉಕ್ಕಿ ಬಂತು. ಉರಿ ತಗ್ಗಿಸಿ, ನೀರು ಚಿಮುಕಿಸಿ, ಮತ್ತೆ ಏರಿಸಿ, ಮತ್ತೆ ಚಿಮುಕಿಸಿ ಕಾಯಿಸಿದೆ. ಹೊನ್ನಿನ ಬಣ್ಣ ಜೇನಾಯಿತು, ಜೇನು ಕೆಂಪಾಯಿತು, ಕೆಂಪು ನಿಧಾನಕ್ಕೆ ಒಳಗಿನಿಂದ ಕಪ್ಪಾಗುತ್ತಾ ಹೋಯಿತು. ಮನೆಯೆಲ್ಲ ಖರ್ಜೂರದ ಪರಿಮಳ. ತಮ್ಮ ಬದುಕಿದ್ದಾಗ ಸಂಜೆ ಬೇಕರಿಯಿಂದ ಬಂದು ಗೇಟು ತೆಗೆದರೆ ಇದೇ ಪರಿಮಳ ಬರುತ್ತಿತ್ತು. ಸೌಟು ಹಿಡಿದು ನಿಂತಲ್ಲೇ ನನಗೆ ಅಳು ಬಂತು, ತಡೆಯಲು ಆಗಲಿಲ್ಲ. ನನ್ನ ಬೆನ್ನ ಹಿಂದೆ ಯಾರೋ ನಿಂತು ಬಾಣಲೆಗೆ ಇಣುಕುತ್ತಿದ್ದಾರೆ ಅನಿಸಿತು. ತಿರುಗಲಿಲ್ಲ. ಹೆದರಿಕೆಯಿಂದ ಅಲ್ಲ. ತಿರುಗಿದರೆ ಇರಲಾರ ಎಂದು.

ಈ ಬಿಯರು ಗಟ್ಟಿಯದ್ದು, ತಿಂಗಳುಗಟ್ಟಲೆ ಬಾಟಲಿಯಲ್ಲಿ ಮಾಗಬೇಕು. ಸೆಕೆ ಕಳೆಯಿತು, ಮಳೆ ಹಿಡಿಯಿತು, ಆಟಿ ಬಂತು. ಬಳಸುವ ಅಮಾವಾಸ್ಯೆಗೆ ಎರಡು ದಿನ ಇರುವಾಗ ಒಂದು ಬಾಟಲಿ ತೆರೆದು ಗ್ಲಾಸಿಗೆ ಸುರಿದೆ. ಕಪ್ಪು. ಕಿಟಕಿಗೆ ಹಿಡಿದೆ. ಮಳೆಗಾಲದ ಮಂಕು ಬೆಳಕಿಗೂ ಅಂಚಿನಲ್ಲಿ ಕೆಂಪು ಎದ್ದಿತು. ನೊರೆ ಕೂಡ ಅವನದ್ದೇ, ತೆಳು ಕಂದು. ಅವಳಿಗೆ ಕೊಟ್ಟೆ.

ಬಹಳ ಹೊತ್ತು ನೋಡಿದಳು.

"ಇದಲ್ಲ ಅಕ್ಕ," ಎಂದಳು.

"ಎಂತದು?"

"ಇದಲ್ಲ. ಅವರದ್ದು ಹೀಗೆ ಇರಲಿಲ್ಲ."

ನನಗೆ ನೆತ್ತಿಗೇರಿತು. ದಿನಾ ಬೇಕರಿ ಮುಚ್ಚಿ ಬಂದು ವರ್ಷವಿಡೀ ಹಂಡೆ ಉಜ್ಜಿದವಳು ನಾನು. "ಕಣ್ಣು ಎಲ್ಲಿ ಇಟ್ಟಿದ್ದೀ? ಇದೇ ಬಣ್ಣ. ನಿನ್ನ ಗಂಡ ಆಗುವ ಮೊದಲು ಅವ ನನ್ನ ತಮ್ಮ. ನನಗೆ ಗೊತ್ತಿಲ್ವಾ? ಹೋಗಲಿಕ್ಕೆ ಮನಸ್ಸಿಲ್ಲದಿದ್ರೆ ಬಾಯಿ ಬಿಟ್ಟು ಹೇಳು, ಬೆಳ್ತಂಗಡಿಯ ಆ ಮನುಷ್ಯರನ್ನು ಯಾಕೆ ಕಾಯಿಸುವುದು?"

ಅವಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. "ಹೌದು," ಎಂದಳು. "ಇದೇ. ಸರಿಯಾಗಿ ಇದೇ."

"ಮತ್ತೆ?"

"ಇದನ್ನು ಕುಡಿದ್ರೆ ಅವರಿಗೆ ತೃಪ್ತಿ ಆಗ್ತದೆ. ಮತ್ತೆ ಬರ್ಲಿಕ್ಕಿಲ್ಲ ಅಲ್ವಾ ಅಕ್ಕ? ಬಾಯಾರಿದ್ರೆ ಆದ್ರೂ ಬರ್ತಾರಲ್ಲ."

ಅವಳನ್ನು ಬೈಯಲು ನನಗೆ ಹಕ್ಕಿರಲಿಲ್ಲ. ಯಾಕೆಂದರೆ ಆ ಹಿತ್ತಿಲಿನ ಸದ್ದಿಗೆ ನಾನೂ ಕಿವಿ ಕೊಟ್ಟು ಕೂರತೊಡಗಿ ಎಷ್ಟೋ ದಿನವಾಗಿತ್ತು. ಕೇಳದ ದಿನ ಮನೆ ಬಿಕೋ ಎನ್ನುತ್ತಿತ್ತು. ಇವಳು ಹೋದರೆ ಈ ಮನೆಯಲ್ಲಿ ನಾನೊಬ್ಬಳೇ, ಅವನೂ ಹೋದರೆ ಅದೂ ಇಲ್ಲ. ಅವಳನ್ನು ತಬ್ಬಿಕೊಂಡು ಇರು ಎಂದುಬಿಡುವ ಎಂದು ನಾಲಗೆ ತುದಿಗೆ ಬಂತು. ಹೇಳಲಿಲ್ಲ. ನಲವತ್ತು ತುಂಬದ ಹೆಂಗಸು, ಇನ್ನೆಷ್ಟು ವರ್ಷ ಖಾಲಿ ಡ್ರಮ್ಮಿನ ಸದ್ದು ಕೇಳುತ್ತಾ ಕೂರುವುದು?

"ಹಾಗೆ ಬಂದ್ರೆ ಅವನಿಗೆ ಬಾಯಾರಿಕೆ, ನಿನಗೆ ಜ್ವರ," ಎಂದೆ. "ಇದರಲ್ಲಿ ಯಾರಿಗೆ ಸುಖ ಉಂಟು ಹೇಳು. ನಾಡಿದ್ದು ಬಳಸುವುದು ನಾನು. ಗ್ಲಾಸು ಇಡುವುದೂ ಬಿಡುವುದೂ ನಿನಗೆ ಬಿಟ್ಟದ್ದು."

ಅಮಾವಾಸ್ಯೆಯ ಮಧ್ಯಾಹ್ನ ಕಳೆದು ಮಳೆ ಸ್ವಲ್ಪ ಹೊಳವಾಯಿತು. ಹಿರಿಯ ಗಂಡಸರಿಲ್ಲದ ಮನೆ, ನಾನೇ ಎಲೆ ಹಾಕಿದೆ. ಅಮ್ಮನಿಗೆ, ಅಜ್ಜಿಗೆ, ಮಾವಂದಿರಿಗೆ, ಕೊನೆಗೆ ತಮ್ಮನಿಗೆ. ಕೋಳಿ, ರೊಟ್ಟಿ, ಕೆಸುವಿನ ಪತ್ರೊಡೆ ಎಲ್ಲ ಬಡಿಸಿಯಾಯಿತು. ಅವನ ಎಲೆಯ ಬಲಬದಿ ಖಾಲಿ ಬಿಟ್ಟಿದ್ದೆ. ಅವಳು ಮಿಂದು, ಕೂದಲು ಬಿಟ್ಟು, ಬಾಟಲಿ ಹಿಡಿದು ಬಂದಳು. ಹೊರಗೆ ಜಗಲಿಯಲ್ಲಿ ಅವಳ ಚೀಲ ಕಟ್ಟಿ ಇಟ್ಟಿತ್ತು, ಅದನ್ನು ನಾನು ನೋಡಿದರೂ ಕೇಳಲಿಲ್ಲ. ಗ್ಲಾಸನ್ನು ಓರೆ ಹಿಡಿದು, ನೊರೆ ಉಕ್ಕದಂತೆ, ಅವನು ಸುರಿಯುತ್ತಿದ್ದ ಹಾಗೆಯೇ ಸುರಿದಳು. ಕಿಟಕಿಯ ಕಡೆಗೆ ಒಮ್ಮೆ ಎತ್ತಿ ಹಿಡಿದಳು. ಎಲೆಯ ಪಕ್ಕ ಇಟ್ಟು, "ಇಕೊಳ್ಳಿ. ನಿಮ್ಮದೇ ಬಣ್ಣ. ಅಕ್ಕ ಮಾಡಿದ್ದು. ಕುಡೀರಿ. ನಾನು ಹೋಗಿ ಬರ್ತೇನೆ," ಎಂದಳು. ಬಾಗಿಲು ಎಳೆದುಕೊಂಡು ಇಬ್ಬರೂ ಜಗಲಿಗೆ ಬಂದೆವು.

ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು ಕೂರುವುದು ಕ್ರಮ. ಅಷ್ಟಾಯಿತು. ನಾನು ಏಳಹೋದೆ.

"ತೆಗೀಬೇಡಿ ಅಕ್ಕ," ಎಂದು ಸೆರಗು ಹಿಡಿದಳು. "ಅವರು ನಿಧಾನ ಕುಡಿಯುವವರು."

ಕೂತೆ. ಒಳಗೆ ಏನೂ ಸದ್ದಿಲ್ಲ. ಕೋಳಿ ಸಾರಿನ ವಾಸನೆ ಬಾಗಿಲ ಸಂದಿನಿಂದ ಬರುತ್ತಿತ್ತು. ಮಳೆ ಮತ್ತೆ ಹನಿಯತೊಡಗಿತು. ಇನ್ನೊಮ್ಮೆ ಏಳಹೋದೆ, ಇನ್ನೊಮ್ಮೆ ಕೂರಿಸಿದಳು. ಬೆಳ್ತಂಗಡಿಯ ದಾರಿಯ ಪುಂಜಾಲಕಟ್ಟೆಗೆ ಹೋಗುವ ಬಸ್ಸಿನ ಹಾರನ್ ಪೇಟೆಯ ಕಡೆಯಿಂದ ಕೇಳಿದಾಗ ಚೀಲ ಎತ್ತಿಕೊಂಡಳು.

"ನೀವೇ ತೆಗೆಯಿರಿ. ನಾನು ನೋಡುವುದಿಲ್ಲ. ನೋಡಿದ್ರೆ ಕಾಲು ಏಳ್ಲಿಕ್ಕಿಲ್ಲ."

"ಕೊಡೆ ತಗೊಂಡು ಹೋಗು," ಎಂದೆ. ಅವಳು ಕೊಡೆ ಬಿಡಿಸಿ ಇಳಿಜಾರು ಇಳಿದಳು, ತಿರುವಿನಲ್ಲಿ ಬಸ್ಸು ನಿಂತು ಹೊರಟಿತು.

ಆಮೇಲೂ ನಾನು ಸ್ವಲ್ಪ ಕೂತೆ. ಮತ್ತೆ ಬಾಗಿಲು ತಟ್ಟಿ ಒಳಗೆ ಹೋದೆ. ಗ್ಲಾಸು ತುಂಬಿತ್ತು. ನೊರೆ ಇಳಿದು, ಕಪ್ಪು ನೀರು ಕದಲದೆ ನಿಂತಿತ್ತು. ನಾನು ಇದನ್ನೆಲ್ಲ ನಂಬುವವಳಲ್ಲ ಎಂದೆನಲ್ಲ. ಆದರೂ ಒಂದು ಕೂದಲೆಳೆಯಷ್ಟಾದರೂ ಇಳಿದಿರಬಹುದೇ ಎಂದು ನೆಲಕ್ಕೆ ಮಂಡಿಯೂರಿ, ಕಣ್ಣನ್ನು ಗ್ಲಾಸಿನ ಮಟ್ಟಕ್ಕೆ ತಂದು ನೋಡಿದೆ. ಇಳಿದಿರಲಿಲ್ಲ. ಎಷ್ಟು ಸುರಿದಿದ್ದಳೋ ಅಷ್ಟೂ ಇತ್ತು. "ಯಾಕೋ," ಎಂದೆ, "ಎಂತ ಕಡಿಮೆ ಆಯ್ತು ನಿನಗೆ?" ದನಿ ಖಾಲಿ ಕೋಣೆಯಲ್ಲಿ ಕೇಳಿ ನನಗೇ ಹೆದರಿಕೆಯಾಯಿತು.

ಫೋನು ಬಡಿದುಕೊಂಡಿತು. ಅವಳು.

"ಅಕ್ಕ, ಪುಂಜಾಲಕಟ್ಟೆಯಲ್ಲಿ ಇಳಿದಿದ್ದೇನೆ. ವಾಪಸು ಬರುವ ಬಸ್ಸೂ ನಿಂತಿದೆ, ಬೆಳ್ತಂಗಡಿ ಬಸ್ಸೂ ನಿಂತಿದೆ. ಬಾಗಿಲು ತೆಗೆದ್ರಾ?"

"ತೆಗೆದೆ."

"ಕುಡಿದಿದ್ದಾರಾ?"

ಗ್ಲಾಸು ನನ್ನ ಮೊಣಕಾಲಿನ ಹತ್ತಿರ ಇತ್ತು. ತುಂಬಿದ್ದು. ಇಲ್ಲ ಎಂದರೆ ಅರ್ಧ ಗಂಟೆಯಲ್ಲಿ ಅವಳು ಗೇಟಿನಲ್ಲಿ ಇರುತ್ತಿದ್ದಳು. ಮನೆಯಲ್ಲಿ ದೀಪ ಹೊತ್ತಿಸಲು ಇಬ್ಬರು ಇರುತ್ತಿದ್ದೆವು.

"ಕುಡಿದಿದ್ದಾನೆ," ಎಂದೆ.

"ಸ್ವಲ್ಪವಾ, ಎಲ್ಲವಾ?"

"ಎಲ್ಲ. ತಳದಲ್ಲಿ ನೊರೆ ಮಾತ್ರ ಉಂಟು."

ಆ ಕಡೆಯಿಂದ ಮಳೆ ಬೀಳುವುದು, ಯಾರೋ ಸೀಟಿ ಊದುವುದು ಕೇಳಿತು. ಅವಳು ಫೋನು ಇಡುವುದನ್ನು ಮರೆತಿದ್ದಳು. ಮೆಟ್ಟಿಲು ಹತ್ತಿದ ಸದ್ದಾಯಿತು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ.

"ಬೆಳ್ತಂಗಡಿ," ಎಂದಳು. "ಒಂದು."